ಅಡಿಕೆ ಅಧ್ಯಯನ: ಖರ್ಚಿನ ಲೆಕ್ಕದ ಜೊತೆ ವರದಿಯೂ ಹೊರಬರಲಿ

ಮಾನ್ಯ ಸಂಪಾದಕರೇ,

ಅಡಿಕೆಗೂ ಮನುಷ್ಯನ ಆರೋಗ್ಯಕ್ಕೂ ಇರುವ ಸಂಬಂಧವನ್ನು ತಿಳಿಯಲು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ನೇತೃತ್ವದಲ್ಲಿ, ಏಮ್ಸ್ ಮೊದಲಾದ ಸಂಸ್ಥೆಗಳನ್ನು ಸೇರಿಸಿಕೊಂಡು ಕೈಗೊಂಡಿರುವ ಅಧ್ಯಯನಕ್ಕೆ ಕೇಂದ್ರ ಸರಕಾರ ಸುಮಾರು 10 ಕೋಟಿ ರೂಪಾಯಿ ಒದಗಿಸಿರುವುದು ಕರಾವಳಿಯ ಬೆಳೆಗಾರರಿಗೆ ಸಮಾಧಾನ ತಂದ ಸಂಗತಿ. ಪುತ್ತೂರು ಕಡೆ ಸಣ್ಣದೊಂದು ತೋಟವಿರುವ ನನಗೂ ಅದು ಸಂತೋಷವೇ. ಆದರೆ ಬೆಳೆಗಾರರ ಸಭೆಗಳಲ್ಲಿ ಕೆಲವರು, ಅಡಿಕೆ ನಿರಪಾಯಕಾರಿ ಎಂದು ಸಾಬೀತುಪಡಿಸುವುದಕ್ಕೇ ಈ ಹಣ ಬಂದಿದೆ ಎನ್ನುವ ಧಾಟಿಯಲ್ಲಿ ಮಾತನಾಡುವುದನ್ನು ಕೇಳಿದಾಗ, ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆಯ ಮೇಲೆ ಸರಕಾರದ ಉಸ್ತುವಾರಿ ಹೇಗಿರಬೇಕು ಎಂಬ ಪ್ರಶ್ನೆಯನ್ನು ಎತ್ತದೆ ಇರಲಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ಸಂಪುಟದಲ್ಲಿ, ತಂಬಾಕು ಸೇರಿಸಿದ ಎಲೆ-ಅಡಿಕೆ ಮಾತ್ರವಲ್ಲ, ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿನಲ್ಲಿರಿಸಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಗುಟ್ಕಾ ತಿನ್ನುವವರನ್ನೂ ಊಟದ ನಂತರ ಒಂದು ಹೋಳು ಬಾಯಿಗೆ ಹಾಕಿಕೊಳ್ಳುವವರನ್ನೂ ಸರಿಯಾಗಿ ಬೇರ್ಪಡಿಸಿಲ್ಲ ಎಂಬುದು ನಮ್ಮವರ ಆಕ್ಷೇಪ. ಈ ಆಕ್ಷೇಪ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಹಾಗೆ ಹೇಳಿದ್ದನ್ನು ಹೊರಗಿನವರು ನಂಬಬೇಕಾದರೆ, ಯಾರನ್ನು ಪರೀಕ್ಷಿಸುತ್ತಾರೆ, ತಂಬಾಕು ಬಳಸುವವರನ್ನು ಹೇಗೆ ಬೇರ್ಪಡಿಸುತ್ತಾರೆ, ಏನು ಕಂಡುಬಂದರೆ ಹಾನಿ ಎಂದು ಒಪ್ಪಿಕೊಳ್ಳುತ್ತಾರೆ ಎಂಬುದೆಲ್ಲ ಮೊದಲೇ ಎಲ್ಲರಿಗೂ ಕಾಣುವಂತೆ ದಾಖಲಾಗಿರಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ; ಇಲ್ಲಿ ಮಾನ ಹೋಗಿರುವುದು ಅಡಿಕೆಯದ್ದೇ ಆದ್ದರಿಂದ, ಅನುಕೂಲವಾದ ಭಾಗವನ್ನು ಮಾತ್ರ ಹೊರಬಿಟ್ಟು ಉಳಿದದ್ದನ್ನು ಕಡತದಲ್ಲಿರಿಸಿದರೆ ಅದು ಮರಳಿ ಬರಲಾರದು.

ನಮ್ಮಲ್ಲಿ ಉಸ್ತುವಾರಿಗೆ ಬರವೇನೂ ಇಲ್ಲ, ಆದರೆ ಅದರ ಕಣ್ಣೆಲ್ಲ ರಶೀದಿಗಳ ಮೇಲೆಯೇ ಇದೆ. ಅಧ್ಯಾಪಕನಾಗಿದ್ದಾಗ ಸಣ್ಣಪುಟ್ಟ ಅನುದಾನಿತ ಯೋಜನೆಗಳಿಗಾಗಿ ನಾನು ಹಣಬಳಕೆ ಪ್ರಮಾಣಪತ್ರ ಸಲ್ಲಿಸಿದ್ದೇನೆ. ಸಾಮಾನ್ಯ ಹಣಕಾಸು ನಿಯಮಾವಳಿ 2017ರ ‘12-ಎ’ ನಮೂನೆಯಲ್ಲಿ ವರ್ಷಾರಂಭದ ಶಿಲ್ಕು, ಅದರ ಮೇಲೆ ಬಂದ ಬಡ್ಡಿ, ಆ ಬಡ್ಡಿಯನ್ನು ಸರಕಾರಕ್ಕೆ ಮರಳಿ ಕಟ್ಟಿದ ವಿವರ, ಬಂದ ಅನುದಾನ, ಖರ್ಚು, ಉಳಿಕೆ ಎಂದು ಒಂದೊಂದಕ್ಕೂ ಕಾಲಂ ಇದೆ. ಹಣದಿಂದ ಆದ ಫಲವೇನು ಎಂಬುದಕ್ಕೆ ಇರುವುದು ಮಾತ್ರ ‘ಅನುಬಂಧದಲ್ಲಿ ಲಗತ್ತಿಸಿದೆ’ ಎನ್ನುವ ಒಂದು ಸಾಲು. ಕೆಲವು ರೂಪಾಯಿ ಬಡ್ಡಿ ತಾಳೆಯಾಗದ್ದಕ್ಕೆ ನನ್ನ ಪತ್ರ ಎರಡು ಬಾರಿ ಮರಳಿ ಬಂದದ್ದುಂಟು. ಅನುಬಂಧದಲ್ಲಿ ಬರೆದದ್ದರ ಬಗ್ಗೆ ಮಾತ್ರ ಇಂದಿನವರೆಗೂ ಯಾರೂ ಒಂದು ಪ್ರಶ್ನೆ ಕೇಳಿಲ್ಲ.

ಅಡಿಕೆಯ ಹಳದಿ ಎಲೆ ರೋಗದ ವಿಚಾರವೂ ಇದೇ. 2021ರ ರಾಜ್ಯ ಬಜೆಟ್‌ನಲ್ಲಿ ಈ ರೋಗದ ಸಂಶೋಧನೆಗೂ ಪರ್ಯಾಯ ಬೆಳೆಗಳಿಗೂ ಸೇರಿಸಿ 25 ಕೋಟಿ ರೂಪಾಯಿ ಘೋಷಣೆಯಾಯಿತು. ಅದರಲ್ಲಿ ಸಂಶೋಧನೆಗೆ ಹೋದದ್ದೆಷ್ಟು, ತಿಳಿದುಬಂದದ್ದೇನು ಎಂದು ಸುಳ್ಯದ ಸಂಪಾಜೆ ಕಡೆಯ ನನ್ನ ಪರಿಚಿತ ಬೆಳೆಗಾರರನ್ನು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಹಣ ದುರುಪಯೋಗವಾಗಿದೆ ಎಂದು ನಾನು ಹೇಳುತ್ತಿಲ್ಲ. ರೋಗ ಬಂದ ತೋಟದವನಿಗೇ ಸುದ್ದಿ ಮುಟ್ಟದ ವ್ಯವಸ್ಥೆಯಲ್ಲಿ ಸದುಪಯೋಗವಾಗಿದ್ದರೂ ತಿಳಿಯುವ ದಾರಿಯಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಇದಕ್ಕಿಂತ ಎಷ್ಟೋ ದೊಡ್ಡ ಮೊತ್ತಗಳು ಮುಂದಿವೆ. ದೇಶದಲ್ಲಿ ಸಂಶೋಧನೆಗೆ ಹಣ ಒದಗಿಸುವ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು 2024ರ ಫೆಬ್ರವರಿಯಲ್ಲಿ ಅಸ್ತಿತ್ವಕ್ಕೆ ಬಂದಿದೆ. ಸಂಶೋಧನೆ ಮತ್ತು ನಾವೀನ್ಯಕ್ಕಾಗಿ 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ 2025ರ ಜುಲೈಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದೆ. ಈ ನಿಧಿಯ ಹಣ ಪ್ರತಿಷ್ಠಾನದಿಂದ ನಿಧಿ ನಿರ್ವಾಹಕರಿಗೆ, ಅವರಿಂದ ಖಾಸಗಿ ಕಂಪೆನಿಗಳಿಗೆ ಬಹುಪಾಲು ದೀರ್ಘಾವಧಿ ಸಾಲವಾಗಿ ಹೋಗುವಂಥದ್ದು. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಅನುದಾನ ಅಥವಾ ಸಾಲದ ಷರತ್ತುಗಳು ಪಾಲನೆಯಾಗಿವೆಯೇ ಎಂಬುದನ್ನು ಮಂಜೂರು ಮಾಡಿದವರು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ ಎಂದು ಪರಿಶೀಲಿಸುವ ಹೊಣೆಯನ್ನು ಮಹಾಲೇಖಪಾಲರ (ಸಿಎಜಿ) ಕರ್ತವ್ಯಗಳನ್ನು ಹೇಳುವ 1971ರ ಕಾಯ್ದೆಯ 15ನೇ ಸೆಕ್ಷನ್ ಅವರಿಗೆ ಕೊಟ್ಟಿದೆ. ಹಣ ಎರಡು ಮೂರು ಕೈ ದಾಟಿ ಹೋಗುವಲ್ಲಿ ಕೊನೆಯ ಕೈಯವರೆಗೂ ಈ ಪರಿಶೀಲನೆ ತಲುಪಬೇಕು.

ಉಸ್ತುವಾರಿ ಎಂದೊಡನೆ ವಿಜ್ಞಾನಿಗಳ ಮೇಲೆ ಇನ್ನೊಬ್ಬ ಇನ್‌ಸ್ಪೆಕ್ಟರನನ್ನು ಕೂರಿಸಬೇಕೆಂದು ಅರ್ಥವಲ್ಲ. 2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯವು ಸಂಶೋಧನಾ ಸಂಸ್ಥೆಗಳ ನೇರ ಖರೀದಿಯ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿ, ಸರಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನ ಹೊರಗೂ ಕೊಳ್ಳುವ ಅಧಿಕಾರವನ್ನು ನಿರ್ದೇಶಕರು ಹಾಗೂ ಕುಲಪತಿಗಳಿಗೆ ಕೊಟ್ಟದ್ದು ಸರಿಯಾದ ಹೆಜ್ಜೆ. ಇನ್ನೂ ಬಿಡಬೇಕಾದ ಹಿಡಿತಗಳಿವೆ. ಅಡಿಕೆಗೆ ಕೊಳೆರೋಗ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ. ಕಂತಿನ ಹಣ ಡಿಸೆಂಬರ್‌ನಲ್ಲಿ ಬಂದು ಮಾರ್ಚ್ 31ರೊಳಗೆ ಮುಗಿಸಬೇಕೆಂದಾದರೆ ಒಣಗಿದ ತೋಟದಲ್ಲಿ ಯಾವ ಕೊಳೆರೋಗವನ್ನು ಅಭ್ಯಾಸ ಮಾಡುವುದು? ಖರ್ಚಿನಲ್ಲಿ ಕೈ ಸಡಿಲಿಸಿ, ಕಂಡುಕೊಂಡದ್ದನ್ನು ಪ್ರಕಟಿಸುವುದರಲ್ಲಿ ಬಿಗಿಯಾಗಿರುವುದೇ ಸರಿಯಾದ ಕ್ರಮ. ಪ್ರಯೋಗ ವಿಫಲವಾದರೂ ಚಿಂತೆಯಿಲ್ಲ, ಅದನ್ನೂ ಬರೆದು ಹಾಕಿದರೆ ಮುಂದಿನವನು ಅದೇ ಕೆಲಸಕ್ಕೆ ಮತ್ತೆ ಅನುದಾನ ಕೇಳುವುದು ತಪ್ಪುತ್ತದೆ.

ದಕ್ಷಿಣ ಕನ್ನಡ ಮತ್ತು ಉಡುಪಿಯ ಸಂಸದರಲ್ಲಿ ನನ್ನ ವಿನಂತಿಯಿಷ್ಟು. ಅಡಿಕೆ ಅಧ್ಯಯನದಲ್ಲಿ ಮನುಷ್ಯರನ್ನು ಪರೀಕ್ಷಿಸುವ ಭಾಗವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ (ಮನುಷ್ಯರ ಮೇಲಿನ ಅಧ್ಯಯನಗಳನ್ನು ದಾಖಲಿಸುವ ಸಾರ್ವಜನಿಕ ನೋಂದಣಿಯಲ್ಲಿ) ನೋಂದಾಯಿಸಲಾಗಿದೆಯೇ, ಅಂತಿಮ ವರದಿ ಯಾವ ದಿನಾಂಕದೊಳಗೆ ಹೊರಬರುತ್ತದೆ, ಫಲಿತಾಂಶ ಬೆಳೆಗಾರರಿಗೆ ಪ್ರತಿಕೂಲವಾದರೂ ಅದನ್ನು ಪೂರ್ತಿಯಾಗಿ, ಕನ್ನಡ ಮತ್ತು ಮಲಯಾಳದ ಸಾರಾಂಶದೊಂದಿಗೆ ಪ್ರಕಟಿಸುತ್ತಾರೆಯೇ ಎಂದು ಸದನದಲ್ಲಿ ಲಿಖಿತ ಪ್ರಶ್ನೆ ಕೇಳಿ ಉತ್ತರ ಪಡೆಯಲಿ.

– ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಮಂಗಳೂರು