ಕಪಾಟಿನಲ್ಲಿಟ್ಟ ಆ ಕಾಗದವನ್ನು ಹೊರಗೆ ತೆಗೆ

ಬ್ರಹ್ಮಾವರ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಮೊನ್ನೆ ನಿನ್ನ ಅಮ್ಮ ಬಂದಿದ್ದಳು. ಗಂಜಿ ಉಣ್ಣುತ್ತ ಬೇರೇನೋ ಹೇಳುವ ನಡುವೆ, ನೀನು ರಾತ್ರಿ ಕಾವಲಿನ ಕೆಲಸ ಮುಗಿಸಿ ಬಂದು ಮಂಚದಲ್ಲಿ ಮಲಗಲಾಗದೆ ನೆಲಕ್ಕೆ ಚಾಪೆ ಹಾಸಿಕೊಳ್ಳುತ್ತೀಯೆಂದಳು. ಸೊಂಟ ಹಿಡಿದ ದಿನ ಬಚ್ಚಲಿಗೆ ಹೋಗಲೂ ಗೋಡೆಯ ಆಸರೆ ಬೇಕಂತೆ. 2019ರಲ್ಲಿ ಸೈನ್ಯದಿಂದ ನಿವೃತ್ತನಾಗಿ ಬಂದಾಗ ನೀನು ನನಗೆ ಹೇಳಿದ್ದು ‘ಸ್ವಲ್ಪ ಬೆನ್ನುನೋವು’ ಎಂದಷ್ಟೇ. ಅಂಗವೈಕಲ್ಯದ ಪಿಂಚಣಿ ಸಿಗುವುದಿಲ್ಲವೆಂದು ಕಾಗದ ಬಂದದ್ದೂ, ಅದನ್ನು ನೀನು ಕಪಾಟಿನಲ್ಲಿ ಬಟ್ಟೆಗಳ ಅಡಿಗೆ ತಳ್ಳಿದ್ದೂ ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾಯಿತು. “ಕೈಕಾಲು ಕಳೆದುಕೊಂಡವರಿದ್ದಾರೆ, ಅವರಿಗೆ ಸಿಗಲಿ. ಕೇಳಿ ಪಡೆಯುವುದು ನನ್ನಿಂದಾಗದು” ಎಂದೆಯಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದೇ ಮಾತನ್ನು ನಾನು ಚಿಕ್ಕಂದಿನಲ್ಲಿ ನಿನ್ನ ಅಜ್ಜನ ಬಾಯಲ್ಲಿ ಕೇಳಿದ್ದೆ.

1974ರ ಮಾರ್ಚ್‌ನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಉಳುವವನೇ ಹೊಲದೊಡೆಯ ಎಂದಾದಾಗ, ಧಣಿಗಳ ಗದ್ದೆಯನ್ನು ಗೇಣಿಗೆ ಉಳುತ್ತಿದ್ದ ನಮ್ಮ ಕಡೆಯ ಚಾಲಗೇಣಿ ಒಕ್ಕಲುಗಳೆಲ್ಲ, ಗದ್ದೆ ತಮ್ಮದೆಂದು ಡಿಕ್ಲರೇಶನ್ ಕೊಡಲು ಹೊರಟರು. ಏಳನೇ ನಮೂನೆಯ ಅರ್ಜಿಯೊಂದನ್ನು ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರಾಯಿತು. ಅಪ್ಪ ಕೊಡಲಿಲ್ಲ. “ಧಣಿಗಳ ಅಂಗಳದಲ್ಲಿ ಉಂಡವನು ಅವರ ಮೇಲೆ ಅರ್ಜಿ ಹಾಕುವುದೇ?” ಎಂದರು. ನಿನ್ನ ಅಜ್ಜಿ ಕಣ್ಣೀರು ಹಾಕಿದರೂ ಕೇಳಲಿಲ್ಲ. ಬದುವಿನಾಚೆ ಗೇಣಿ ಮಾಡುತ್ತಿದ್ದವರು ಕೊಟ್ಟರು. ಅವರ ಮೊಮ್ಮಕ್ಕಳು ಇಂದಿಗೂ ಅಲ್ಲಿಯೇ ಭತ್ತ ಬೆಳೆಯುತ್ತಿದ್ದಾರೆ. ಧಣಿಗಳು ತೀರಿಕೊಂಡ ಮೇಲೆ ಅವರ ಮಕ್ಕಳು ನಾವು ಉಳುತ್ತಿದ್ದ ಗದ್ದೆಯನ್ನು ಮಾರಿದರು. ಕೊಂಡವರಿಗೆ ಅಪ್ಪನ ದಾಕ್ಷಿಣ್ಯದ ಲೆಕ್ಕವಿರಲಿಲ್ಲ. ಉಳಲು ಗದ್ದೆಯಿಲ್ಲದ್ದರಿಂದಲೇ ನಾನು ಸೈನ್ಯಕ್ಕೆ ಹೋದೆ. ನನ್ನನ್ನು ನೋಡಿ ನೀನು ಹೋದೆ. ಆದ್ದರಿಂದ ಈ ಮನೆಯಲ್ಲಿ ಇನ್ನೊಬ್ಬರು ದಾಕ್ಷಿಣ್ಯಕ್ಕೆ ಬಿದ್ದು ತಮ್ಮದನ್ನು ಕಳೆದುಕೊಳ್ಳುವುದನ್ನು ನಾನು ನೋಡಲಾರೆ.

ನನ್ನದೂ ಒಂದು ತಪ್ಪಿದೆ. ಇದುವರೆಗೆ ನಿನಗೆ ಹೇಳಿಲ್ಲ. ತೋಪಖಾನೆಯಲ್ಲಿದ್ದಷ್ಟು ವರ್ಷ ಕಿವಿಗೆ ಹತ್ತಿ ತುರುಕಿಕೊಂಡೇ ತೋಪು ಹಾರಿಸಿದೆವು. ಬಲಗಿವಿಯಲ್ಲಿ ಸದಾ ಜೀರುಂಡೆ ಕೂಗಿದ ಹಾಗಾಗುತ್ತಿತ್ತು. ಹೇಳಿಕೊಂಡರೆ ಮೆಡಿಕಲ್ ಕೆಟಗರಿ, ಅಂದರೆ ದೇಹದಾರ್ಢ್ಯದ ದರ್ಜೆ, ಇಳಿಸುತ್ತಾರೆ, ಬಡ್ತಿ ತಪ್ಪುತ್ತದೆ ಎಂಬ ಹೆದರಿಕೆಯಿಂದ ಬಾಯಿ ಬಿಡಲಿಲ್ಲ. ಬಿಡುಗಡೆಯ ವೈದ್ಯಕೀಯ ಮಂಡಳಿಯ ಮುಂದೆಯೂ ‘ಎಲ್ಲ ಸರಿಯಾಗಿದೆ’ ಎಂದು ಹೇಳಿ, ತೋರಿಸಿದಲ್ಲಿ ಸಹಿ ಹಾಕಿ ಊರಿನ ರೈಲು ಹತ್ತಿದೆ. ಈಗ ಯಕ್ಷಗಾನ ಮೇಳದ ಆಟಕ್ಕೆ ಹೋದರೆ ಚೆಂಡೆ ಕೇಳುತ್ತದೆ, ಭಾಗವತರ ಪದದ ಒಂದಕ್ಷರವೂ ಬಿಡಿಸಿ ತಿಳಿಯುವುದಿಲ್ಲ. ಮೊಮ್ಮಗಳು ಮಾತನಾಡಿದರೆ ತುಟಿ ನೋಡುತ್ತೇನೆ. ಆದರೆ ನನ್ನ ದಾಖಲೆಯಲ್ಲಿ ನನ್ನ ಕಿವಿ ಇಂದಿಗೂ ಸರಿಯಾಗಿಯೇ ಇದೆ. ಕೆಳಗೆ ನನ್ನದೇ ಸಹಿಯಿದೆ. ಇಷ್ಟು ವರ್ಷಗಳ ಮೇಲೆ ನಾನು ಏನು ಹೇಳಿದರೂ ಆ ಸಹಿ ನನ್ನನ್ನು ಸುಳ್ಳನನ್ನಾಗಿಸುತ್ತದೆ.

ನಿನ್ನ ವಿಷಯ ಹಾಗಲ್ಲ. 2024ರಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಭೂಕುಸಿತವಾದಾಗ ನಿನ್ನ ಎಂಇಜಿಯವರು (ಮದ್ರಾಸ್ ಎಂಜಿನಿಯರ್ ಗ್ರೂಪ್) ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ 190 ಅಡಿಯ ಬೈಲಿ ಸೇತುವೆ ಕಟ್ಟಿದ್ದನ್ನು ಟಿವಿಯಲ್ಲಿ ನೋಡುತ್ತಿದ್ದಾಗ ನನಗೆ ನಿನ್ನ ಬೆನ್ನೇ ನೆನಪಾಯಿತು. ಅಂಥದೇ ಸೇತುವೆಯ ಪ್ಯಾನೆಲ್ ಹೊರುವಾಗಲ್ಲವೇ ನೀನು ಬಿದ್ದದ್ದು? ಒಂದೊಂದು ಸುಮಾರು 260 ಕಿಲೋ, ಆರು ಜನ ಹೊರಬೇಕಾದದ್ದು. ಅಂದು ಆಸ್ಪತ್ರೆಗೆ ಸೇರಿಸಿದರು, ಗಾಯದ ವರದಿ ಬರೆದರು, ಕೆಟಗರಿ ಇಳಿಸಿದರು. ಹೊರಬರುವಾಗ ಮಂಡಳಿಯೇ ಶೇಕಡಾ 20 ವೈಕಲ್ಯವೆಂದು ಬರೆಯಿತು. ನನ್ನ ಬಳಿ ಇಲ್ಲದ್ದೆಲ್ಲ ನಿನ್ನ ಬಳಿ ಇದೆ.

ಈ ಪಿಂಚಣಿಗೆ ಎರಡು ಷರತ್ತುಗಳು. ವೈಕಲ್ಯ ಶೇಕಡಾ 20ಕ್ಕೆ ಕಡಿಮೆಯಿರಬಾರದು. ಅದು ಸೇವೆಯಿಂದ ಉಂಟಾದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಆಗಿರಬೇಕು. ಮೊದಲನೆಯದನ್ನು ಅವರೇ ಒಪ್ಪಿದ್ದಾರೆ. ಎರಡನೆಯದಕ್ಕೆ ಒಂದು ಸಾಲಿನಲ್ಲಿ ‘ಇಲ್ಲ’ ಎಂದಿದ್ದಾರೆ. ಆ ಒಂದು ಸಾಲಿಗೆ ನೀನು ತಲೆಬಾಗಿದೆ. ಧರ್ಮವೀರ್ ಸಿಂಗ್ ಎಂಬ ಸಿಪಾಯಿ ಬಾಗಲಿಲ್ಲ. 1985ರಲ್ಲಿ ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ ಸೇರಿದವರು, 1994ರಲ್ಲಿ ಮೂರ್ಛೆಯ ಕಾಯಿಲೆಯ ಕಾರಣ ಹೊರಬಂದವರು. ಅವರಿಗೂ ಬರೆದದ್ದು ಶೇಕಡಾ 20, ಅವರಿಗೂ ಹೇಳಿದ್ದು ಸೇವೆಗೆ ಸಂಬಂಧವಿಲ್ಲವೆಂದೇ. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸೇರುವಾಗಿನ ದಾಖಲೆಯಲ್ಲಿ ರೋಗವನ್ನು ನಮೂದಿಸದಿದ್ದರೆ ಸಿಪಾಯಿ ಆರೋಗ್ಯವಂತನಾಗಿಯೇ ಸೇರಿದ್ದನೆಂದು ಭಾವಿಸಬೇಕು. ಸೇವೆಗೆ ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಸಿಪಾಯಿಯದಲ್ಲ, ಸರ್ಕಾರದ್ದು. ವೈದ್ಯಕೀಯ ಮಂಡಳಿ ಕಾರಣ ಬರೆಯಲೇಬೇಕು. ಸೇರುವ ದಿನ ಒಂದು ಮೈಲಿ ಓಡಿ ಪಾಸಾದವನು ನೀನು. ಆ ಬೆನ್ನು ಎಲ್ಲಿ ಕೆಟ್ಟಿತು ಎಂಬುದಕ್ಕೆ ಉತ್ತರ ಅವರು ಕೊಡಲಿ.

ಹಣದ ಲೆಕ್ಕವನ್ನೂ ಹೇಳುತ್ತೇನೆ, ನಾಚಿಕೊಳ್ಳಬೇಡ. ಪೂರ್ತಿ ಶೇಕಡಾ ನೂರು ವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡಾ 30. ಸಂಬಳ 40,000 ಎಂದಿಟ್ಟುಕೊಂಡರೆ ಅದು 12,000. ಶೇಕಡಾ 20ಕ್ಕೆ 2,400 ಮಾತ್ರವೆಂದು ತೋರುತ್ತದೆ. ಆದರೆ 50ಕ್ಕಿಂತ ಕಡಿಮೆಯಿರುವುದನ್ನು 50 ಎಂದೇ ಎಣಿಸುವ ಕ್ರಮವಿದೆ. ಅವಧಿ ಮುಗಿಸಿ ಬಂದವರಿಗೂ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ತೀರ್ಮಾನವಾಯಿತು. ಅಂದರೆ 6,000, ಮೇಲೆ ತುಟ್ಟಿಭತ್ಯೆ, ಈಗಿನ ಪಿಂಚಣಿಯ ಜೊತೆಗೆ. ನೀನು ರಾತ್ರಿ ಕಾವಲು ಬಿಟ್ಟು ಹಗಲಿನ ಹಗುರ ಕೆಲಸ ಹಿಡಿಯಲು ಅಷ್ಟು ಸಾಕು. (2023ರ ಸೆಪ್ಟೆಂಬರ್‌ನಿಂದ ನಿಯಮಗಳು ಬದಲಾಗಿವೆ. ಈಗ ನಿವೃತ್ತರಾಗುವ ನಿನ್ನ ಗೆಳೆಯರಿಗೆ ನನ್ನ ಈ ಲೆಕ್ಕ ಹೇಳಿಬಿಡಬೇಡ.)

ತಡವಾಯಿತೆಂದು ಕೈಚೆಲ್ಲಬೇಡ. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಹೊರಬಂದು ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಪ್ಪುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡಬೇಕೆಂದಿತು. ನೀನು ಸುಮ್ಮನಿರುವ ಪ್ರತಿ ತಿಂಗಳೂ ಹಿಂದಿನ ಒಂದು ತಿಂಗಳ ಹಣ ಕೈಬಿಟ್ಟು ಹೋಗುತ್ತಿದೆ. ನಿನ್ನ ಮಕ್ಕಳ ಶಾಲೆಯ ಫೀಸು ಅದು.

ಈಗ ಮಾಡಬೇಕಾದದ್ದು. ಸೈನ್ಯದ ಡಿಸ್ಚಾರ್ಜ್ ಬುಕ್, ಆಸ್ಪತ್ರೆಯ ಚೀಟಿಗಳು, ಆ ತಿರಸ್ಕಾರದ ಕಾಗದ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕು. ವೈದ್ಯಕೀಯ ಮಂಡಳಿಯ ನಡಾವಳಿ ಮತ್ತು ಗಾಯದ ವರದಿಯ ಪ್ರತಿ ನಿನ್ನ ಬಳಿ ಇಲ್ಲದಿದ್ದರೆ ಬೆಂಗಳೂರಿನ ನಿಮ್ಮ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಕಳುಹಿಸು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಳಿಕ ಮೇಲ್ಮನವಿ, ತಡವಾದದ್ದಕ್ಕೆ ಕಾರಣ ಬರೆದು. ಅಲ್ಲಿಯೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಪೀಠ ಕೊಚ್ಚಿಯಲ್ಲಿ. ಮಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ಎರ್ನಾಕುಲಂ. ಬಾಕಿಯಲ್ಲಿ ಇಷ್ಟು ಪಾಲು ಕೊಡು, ಎಲ್ಲ ನಾನು ಮಾಡಿಸುತ್ತೇನೆ ಎಂದು ಬರುವ ದಲ್ಲಾಳಿಗಳಿಗೆ ಮೂಲ ಕಾಗದಗಳನ್ನು ಕೊಡಬೇಡ. ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆಯುವುದಕ್ಕೆ ದಾರಿ ತೋರಿಸುತ್ತಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನೋವನ್ನು ಇದ್ದಷ್ಟೇ ಹೇಳು. ಅರ್ಧ ಗಂಟೆ ನಿಲ್ಲಲಾಗುತ್ತದೆ ಎಂದಾದರೆ ಅರ್ಧ ಗಂಟೆ ಎಂದೇ ಬರೆ. ಇಲ್ಲದ್ದನ್ನು ಸೇರಿಸಿದವರಿಂದಾಗಿಯೇ ನಿಜವಾದ ನೋವಿರುವವರನ್ನೂ ಸಂಶಯದಿಂದ ನೋಡುತ್ತಾರೆ. ಆದರೆ ಇರುವುದನ್ನು ಮುಚ್ಚಿಡುವುದೂ ಸುಳ್ಳೇ. ನಾನು ಹೇಳಿದ ಸುಳ್ಳು ಅದು. ಇನ್ನು ಕೈಕಾಲು ಕಳೆದುಕೊಂಡವರ ಪಾಲು ನಿನ್ನಿಂದ ಕಡಿಮೆಯಾಗುವುದಿಲ್ಲ. ಅವರಿಗೆ ಸಲ್ಲುವುದು ಬೇರೆ, ನಿನಗೆ ಸಲ್ಲುವುದು ಬೇರೆ.

ಬರುವ ಸೋಮವಾರ ಬೆಳಗ್ಗೆ ನಾನು ಬ್ರಹ್ಮಾವರದಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಬರುತ್ತೇನೆ. ಫೈಲು ಹಿಡಿದುಕೊಂಡು ಸೈನಿಕ ಕಲ್ಯಾಣ ಕಚೇರಿಯ ಬಾಗಿಲಲ್ಲಿ ಹತ್ತು ಗಂಟೆಗೆ ಇರು. ಅಲ್ಲಿ ಮಾತನಾಡುವಾಗ ನನ್ನ ಎಡಬದಿಗೆ ಕುಳಿತುಕೋ. ಅವರು ಹೇಳಿದ್ದು ನನಗೆ ಕೇಳದಿದ್ದರೆ ನೀನು ತಿರುಗಿ ಹೇಳಬೇಕು.

ಇತಿ,
ನಿನ್ನ ಮಾವ