ಮಾಡೆಲ್ ತಪ್ಪಿದ್ದು ಯಾವ ಕಡೆಗೆ?

ಮಾನ್ಯರೇ,

ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳು ಸುಮ್ನೆ ಹೆದರಿಸುತ್ತವೆ, ಹಿಮದ ವಿಷಯದಲ್ಲಂತೂ ಅವುಗಳ ಲೆಕ್ಕ ಬರೀ ತಪ್ಪು ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಲೆಕ್ಕ ತಪ್ಪಿದ್ದು ನಿಜ. ಆದರೆ ಯಾವ ಕಡೆಗೆ ತಪ್ಪಿತು ಅಂತಲೂ ನೋಡಬೇಕು, ಅಲ್ವಾ?

ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಪ್ರತಿ ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆಗೆ ಇಳಿಯುತ್ತದೆ. 1980ರ ದಶಕದಲ್ಲಿ ಆಗಲೂ ಸುಮಾರು 70 ಲಕ್ಷ ಚದರ ಕಿ.ಮೀ. ಉಳಿಯುತ್ತಿತ್ತು. 2012ರಲ್ಲಿ ಉಳಿದದ್ದು ಸುಮಾರು 34 ಲಕ್ಷ. ಇಷ್ಟು ಬೇಗ ಕರಗುತ್ತದೆ ಅಂತ ಅಂದಿನ ಹೆಚ್ಚಿನ ಮಾಡೆಲ್‌ಗಳು ಹೇಳಿರಲೇ ಇಲ್ಲ. ಹೆದರಿಸಲು ಹೊರಟವರು ಕಡಿಮೆ ಮಾಡಿ ಹೇಳುತ್ತಾರಾ? ಅಂಟಾರ್ಕ್ಟಿಕಾದಲ್ಲಿ ಮಾತ್ರ ಉಲ್ಟಾ. ಮಾಡೆಲ್‌ಗಳು ಇಳಿಯುತ್ತದೆ ಅಂದವು, ಅಲ್ಲಿನ ಸಮುದ್ರದ ಮಂಜುಗಡ್ಡೆ 2014ರವರೆಗೆ ಮೆಲ್ಲಗೆ ಹೆಚ್ಚಿತು, ಆಮೇಲೆ ದಿಢೀರನೆ ಕುಸಿಯಿತು. ಇಲ್ಲಿ ಟೀಕೆ ಮಾಡುವವರ ಮಾತು ಒಪ್ಪುತ್ತೇನೆ.

ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವಳು. ಬಿಳಿ ಬಣ್ಣ ಬೆಳಕನ್ನು ವಾಪಸ್ ಕಳಿಸುತ್ತದೆ ಎಂದು ಪಾಠದಲ್ಲಿ ಒಂದೇ ಸಾಲು. ಹಿಮದ ಮೇಲೆ ಆ ಸಾಲು ಸಾಕಾಗುವುದಿಲ್ಲ. ಹೊಸ ಹಿಮ ಬಿಸಿಲಿನ ನೂರರಲ್ಲಿ 80ಕ್ಕೂ ಜಾಸ್ತಿ ಪಾಲನ್ನು ವಾಪಸ್ ಕಳಿಸುತ್ತದೆ. ಹಳೆಯದಾದರೆ, ಮಸಿ ಕೂತರೆ, ಮೇಲೆ ಕರಗಿದ ನೀರು ನಿಂತರೆ ಅದು ಇಳಿಯುತ್ತಾ ಹೋಗುತ್ತದೆ. ಬಯಲಾದ ಸಮುದ್ರವಂತೂ 90ಕ್ಕೂ ಹೆಚ್ಚು ಪಾಲನ್ನು ಹೀರಿಬಿಡುತ್ತದೆ. ಅದರಿಂದ ಇನ್ನಷ್ಟು ಕರಗುತ್ತದೆ. ಹಾಗಾಗಿ ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಅದು ಬೆಳೆಯುತ್ತಾ ಹೋಗುತ್ತದೆ. ಚಳಿಗಾಲದಲ್ಲಿ ಇದೇ ಹಿಮದ ಕೆಲಸ ಬೇರೆ. ಮಂಜುಗಡ್ಡೆಯ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತು, ಕೆಳಗಿನ ನೀರಿನ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಮಂಜುಗಡ್ಡೆ ದಪ್ಪವಾಗುವುದೇ ನಿಧಾನವಾಗುತ್ತದೆ.

ಹಿಮಾಲಯದ್ದು ಇನ್ನೊಂದು ತಾಪತ್ರಯ. ಜಾಗತಿಕ ಮಾಡೆಲ್ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ, ಒಂದು ಚೌಕ ಸುಮಾರು 100 ಕಿ.ಮೀ. ಅಗಲ. ಕಣಿವೆ, ಶಿಖರ ಎಲ್ಲ ಅದರಲ್ಲೇ ಸೇರಿ ಎತ್ತರದ ಸರಾಸರಿ ಆಗಿಬಿಡುತ್ತವೆ. ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ನಮ್ಮಲ್ಲಿ ಮಳೆ ಕಡಿಮೆ ಎಂದು 1884ರಲ್ಲೇ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಬ್ಲ್ಯಾನ್‌ಫೋರ್ಡ್ ಬರೆದಿದ್ದರು. ಆ ನಂಟು ಎಷ್ಟು ಗಟ್ಟಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಪತ್ರಿಕೆಯ ಮೇಲೂ ನನ್ನದೊಂದು ತಕರಾರಿದೆ. ‘2050ರೊಳಗೆ ಆರ್ಕ್ಟಿಕ್‌ನಲ್ಲಿ ಮಂಜೇ ಇರದು’ ಎಂಬಂಥ ತಲೆಬರಹ ನೋಡಿದವರಿಗೆ ಅನುಮಾನ ಬರದೇ ಇರುತ್ತದೆಯೇ? ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿ 2021ರಲ್ಲಿ ಹೇಳಿದ್ದು ಬೇರೆ. 2050ಕ್ಕೆ ಮೊದಲು ಒಂದು ಸೆಪ್ಟೆಂಬರ್‌ನಲ್ಲಾದರೂ ಮಂಜುಗಡ್ಡೆ 10 ಲಕ್ಷ ಚದರ ಕಿ.ಮೀ.ಗಿಂತ ಕೆಳಗೆ ಇಳಿಯುವ ಸಾಧ್ಯತೆ ಹೆಚ್ಚು ಎಂದಷ್ಟೇ. ತಲೆಬರಹದಲ್ಲಿ ಜಾಗ ಇಲ್ಲದಿದ್ದರೆ ಮೊದಲ ಪ್ಯಾರಾದಲ್ಲಾದರೂ ತಿಂಗಳು ಯಾವುದೆಂದು ಹಾಕಿ.

– ನಿವೃತ್ತ ಉಪನ್ಯಾಸಕಿ, ಶಿರಸಿ