ಲಿಫ್ಟ್ ಇದೆ ಎಂದು ನೀವು ಬರೆದಿರಿ, ನಮ್ಮ ಅವ್ವ 52 ಮೆಟ್ಟಿಲು ಹತ್ತಿದರು

ಹುಬ್ಬಳ್ಳಿ
18-12-2025

ಗೆ,
ಗ್ರಾಹಕರ ದೂರು ನಿವಾರಣಾ ಅಧಿಕಾರಿಗಳು,
ರೆಸ್ಟೋರೆಂಟ್ ಟೇಬಲ್ ಬುಕಿಂಗ್ ಆ್ಯಪ್

ವಿಷಯ: ಉದಯಪುರದಲ್ಲಿ 14-12-2025, ಭಾನುವಾರ ಸಂಜೆ 5.15ಕ್ಕೆ ಆರು ಜನರಿಗೆ ಕಾಯ್ದಿರಿಸಿದ್ದ ಟೇಬಲ್ ಬಗ್ಗೆ ದೂರು

ಮಾನ್ಯರೇ,

ಅಂದು ನಮ್ಮ ತಾಯಿಗೆ 70 ತುಂಬಿತು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿದವರು ಅವರು. ಅರಾವಳಿ ಬೆಟ್ಟಸಾಲನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಾರೋ, ಕಣ್ಣಾರೆ ಒಮ್ಮೆಯೂ ಕಂಡಿರಲಿಲ್ಲ. ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳಿದರೆ, "ಸೀರಿ ಗೀರಿ ಏನೂ ಬ್ಯಾಡ, ಅರಾವಳಿ ಹಿಂದ ಸೂರ್ಯಾ ಮುಳುಗೂದು ನೋಡಬೇಕು" ಎಂದರು. ನಾವು ಮಕ್ಕಳು ಮೊಮ್ಮಕ್ಕಳು ಸೇರಿ ಉದಯಪುರಕ್ಕೆ ಹೋದದ್ದು ಅದಕ್ಕೇ.

ಊಟದ ಜಾಗ ಆರಿಸಲು ಎರಡು ವಾರ ಹಿಡಿಯಿತು. ಅವ್ವನ ಎರಡೂ ಮೊಣಕಾಲು ಸವೆದಿವೆ. ಪಿಛೋಲಾ ಕೆರೆಯ ಆಚೆ ದಡದಲ್ಲಿ, ಅಂಬ್ರಾಯ್ ಘಾಟಿನ ಕಡೆ, ನೆಲಮಟ್ಟದಲ್ಲೇ ಕೂರುವಂಥ ಜಾಗ ನೋಡೋಣ ಎಂದು ನನ್ನ ತಂಗಿ ಹೇಳಿದ್ದಳು. ಆದರೆ ಅಲ್ಲಿ ಕೂತರೆ ಎದುರಿಗೆ ಕಾಣುವುದು ಪೂರ್ವಕ್ಕಿರುವ ಸಿಟಿ ಪ್ಯಾಲೇಸ್. ಸೂರ್ಯ ಮುಳುಗುವುದನ್ನು ಕೆರೆಯ ಮೇಲಿಂದ ನೋಡಬೇಕಾದರೆ ಈಚೆ ದಡದ ಲಾಲ್ ಘಾಟ್, ಗಣಗೌರ್ ಘಾಟ್ ಸುತ್ತಲಿನ ಮಹಡಿಗಳೇ ಬೇಕು. ಆ ಮಹಡಿಗಳಲ್ಲಿ ಲಿಫ್ಟ್ ಇರುವುದು ಯಾವುದು ಎಂದು ನಿಮ್ಮ ಆ್ಯಪ್‌ನಲ್ಲಿ ಹುಡುಕಿದೆ. ಒಂದೇ ಒಂದು ಸಿಕ್ಕಿತು. ಅದರ ಪುಟದಲ್ಲಿ "ಲಿಫ್ಟ್ ಸೌಲಭ್ಯ", "ಹಿರಿಯರಿಗೆ ಅನುಕೂಲ", "ಕೆರೆಯಂಚಿನ ಟೇಬಲ್ ಖಚಿತ" ಎಂಬ ಮೂರು ಸಾಲುಗಳಿದ್ದವು. ಪಕ್ಕದಲ್ಲಿ ನಿಮ್ಮ ಸಂಸ್ಥೆಯೇ ಪರಿಶೀಲಿಸಿದೆ ಎನ್ನುವ ಹಸಿರು ಗುರುತು. ಕೆರೆಯಂಚಿನ ಟೇಬಲ್‌ಗೆಂದು ತಲೆಗೆ 200ರಂತೆ 1,200 ರೂಪಾಯಿ ಹೆಚ್ಚಿಗೆ ಕೊಟ್ಟೆ. ಬುಕಿಂಗ್ ಮಾಡುವಾಗ ವಿಶೇಷ ಸೂಚನೆಯ ಜಾಗದಲ್ಲಿ "ತಾಯಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ" ಎಂದೂ ಬರೆದೆ. "ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ" ಎಂಬ ಸಂದೇಶವೂ ಬಂತು.

ಅಂದು ಬೆಳಿಗ್ಗೆ ಜಗದೀಶ ಮಂದಿರಕ್ಕೆ ಹೋಗಿದ್ದೆವು. 1651ರಲ್ಲಿ ಕಟ್ಟಿದ ಗುಡಿ, ಮೇಲೇರಲು 32 ಮೆಟ್ಟಿಲು. ಸಂಜೆಗೆ ಕಾಲು ಉಳಿಸಿಕೊಳ್ಳಬೇಕೆಂದು ಅವ್ವ ಕೆಳಗೇ ನಿಂತು ಕೈಮುಗಿದರು. ದೇವರ ಮುಂದೆ ಹತ್ತದ ಮೆಟ್ಟಿಲನ್ನು ನಿಮ್ಮ ಒಂದು ತಪ್ಪು ಸಾಲಿನಿಂದಾಗಿ ಅವರು ಅದೇ ಸಂಜೆ ಹತ್ತಬೇಕಾಯಿತು.

ಆ ಓಣಿಗೆ ಆಟೋ ಬರುವುದಿಲ್ಲ. ಅವ್ವನ ಕೈ ಹಿಡಿದುಕೊಂಡು ನಿಧಾನ ನಡೆದು ಹೋಗಿ ಲಿಫ್ಟ್ ಎಲ್ಲಿ ಎಂದು ಕೇಳಿದರೆ, ಬಾಗಿಲಲ್ಲಿದ್ದ ಹುಡುಗ ತಬ್ಬಿಬ್ಬಾದ. ಅಲ್ಲಿ ಲಿಫ್ಟ್ ಯಾವತ್ತೂ ಇರಲೇ ಇಲ್ಲವಂತೆ. ಹಳೆಯ ಹವೇಲಿ, ಒಬ್ಬರೇ ಹೋಗುವಷ್ಟು ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಹವೇಲಿಗಳು ಇರುವುದೇ ಹಾಗೆ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಇಲ್ಲದ ಲಿಫ್ಟನ್ನು ಇದೆ ಎಂದು ಬರೆದದ್ದಕ್ಕೆ ದೂರುತ್ತಿದ್ದೇನೆ.

ಬೇರೆ ಕಡೆ ಹೋಗೋಣವೆಂದರೆ ಆಗ 5.10. ಡಿಸೆಂಬರಿನಲ್ಲಿ ಅಲ್ಲಿ ಆರು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ನಾವು ಅನುಮಾನಿಸುತ್ತ ನಿಂತಿದ್ದನ್ನು ಕಂಡು ಅವ್ವನೇ "ಹತ್ತೂನು ನಡೀರಿ" ಎಂದರು. ಅಣ್ಣ ಹಿಂದೆ, ನಾನು ಮುಂದೆ. ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ಗೋಡೆಗೆ ಅಂಗೈ ಊರಿ ಏರಿದರು. "ಇನ್ನ ಎಷ್ಟ ಅದಾವ?" ಎಂದು ಮೂರು ಸಲ ಕೇಳಿದರು. ನಾನು ಮೂರೂ ಸಲ "ಇಷ್ಟ ನೋಡವ್ವ, ಮುಗೀತು" ಎಂದು ಸುಳ್ಳು ಹೇಳಿದೆ. ಎರಡನೇ ಮಹಡಿಯಲ್ಲಿ ಬೆವರಿ ನಿಂತಾಗ ಅದೇ ಬಾಗಿಲ ಹುಡುಗ ಓಡಿ ಹೋಗಿ ಕುರ್ಚಿ ತಂದುಕೊಟ್ಟ, ಅವನ ಉಪಕಾರ ಮರೆಯುವುದಿಲ್ಲ. ಇಳಿಯುವಾಗ ಎಣಿಸಿದೆ, 52 ಮೆಟ್ಟಿಲು.

ಮೇಲೆ ಹೋದರೆ ನಮ್ಮ ಟೇಬಲ್‌ನಲ್ಲಿ ಬೇರೆಯವರು ಕೂತಿದ್ದರು. ಆ್ಯಪ್‌ನಿಂದ ಬಂದ ಬುಕಿಂಗ್‌ನಲ್ಲಿ ಆರು ಜನ ಎಂದು ಮಾತ್ರ ಇದೆ, ಕೆರೆಯಂಚಿನ ವಿಷಯವಾಗಲಿ ಮೆಟ್ಟಿಲಿನ ವಿಷಯವಾಗಲಿ ಇಲ್ಲ ಎಂದು ಮ್ಯಾನೇಜರ್ ತಮ್ಮ ಪರದೆಯನ್ನೇ ತೋರಿಸಿದರು. ಹಾಗಾದರೆ ನನ್ನ 1,200 ರೂಪಾಯಿ ಎಲ್ಲಿ ಹೋಯಿತು? ನನ್ನ ಕೋರಿಕೆಯನ್ನು "ಸ್ವೀಕರಿಸಿದವರು" ಯಾರು? ನಮಗೆ ಸಿಕ್ಕಿದ್ದು ಅಡುಗೆಮನೆ ಪಕ್ಕದ, ಗೋಡೆಗೆ ಮುಖ ಮಾಡಿದ ಟೇಬಲ್. ಈ ಮಾತುಕತೆಯ ನಡುವೆ ಅಂಚಿನಲ್ಲಿದ್ದ ಕುಟುಂಬದವರು ವಿಷಯ ತಿಳಿದು ಎದ್ದು ಅವ್ವನಿಗೆ ಜಾಗ ಬಿಟ್ಟರು. ಅವ್ವ ಹೋಗಿ ನಿಲ್ಲುವ ಹೊತ್ತಿಗೆ ಬೆಟ್ಟದ ಮೇಲೆ ಕೆಂಪು ಉಳಿದಿತ್ತು, ಸೂರ್ಯ ಇರಲಿಲ್ಲ.

ಊಟ ಚೆನ್ನಾಗಿತ್ತು. ಕೇರ್ ಸಾಂಗ್ರಿ ಎಂಬ ರಾಜಸ್ಥಾನಿ ಪಲ್ಯದ ಜೊತೆ ಬಂದ ಸಜ್ಜೆ ರೊಟ್ಟಿಯನ್ನು ಅವ್ವ ನಮ್ಮ ಕಡೆಯ ರೊಟ್ಟಿಗೆ ಹೋಲಿಸಿ ಮತ್ತೊಂದು ಹಾಕಿಸಿಕೊಂಡರು. ಅಡುಗೆಯವರ ಮೇಲೆ ನನ್ನದೇನೂ ದೂರಿಲ್ಲ.

ಆದರೆ ನಿಮ್ಮ ಆ್ಯಪ್‌ನಲ್ಲೇ ಪಾವತಿಸಿದ ಬಿಲ್‌ನಲ್ಲಿ 5,400 ರೂಪಾಯಿ ಊಟಕ್ಕೆ ಶೇ. 10 ಸೇವಾ ಶುಲ್ಕ, 540 ರೂಪಾಯಿ, ತಾನಾಗಿ ಸೇರಿಕೊಂಡಿತ್ತು. ಅದರ ಮೇಲೂ ಶೇ. 5 ಜಿಎಸ್‌ಟಿ. ತೆಗೆಯಲು ಆಯ್ಕೆಯೇ ಇರಲಿಲ್ಲ. ಸೇವಾ ಶುಲ್ಕವನ್ನು ಹೀಗೆ ತಾನಾಗಿ ಬಿಲ್‌ಗೆ ಸೇರಿಸಬಾರದು, ಅದನ್ನು ಸೇರಿಸಿ ಜಿಎಸ್‌ಟಿ ಹಾಕಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಮರುದಿನ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. "ಮಾಹಿತಿ ಕೊಡುವುದು ರೆಸ್ಟೋರೆಂಟ್‌ನವರು, ನಾವು ನಡುವಿನವರಷ್ಟೇ" ಎಂದರು, 200 ರೂಪಾಯಿ ಕೂಪನ್ ಕಳಿಸಿದರು. ಕೂಪನ್ ನನಗೆ ಬೇಡ. ಸ್ವಂತ ಊರಾಗಿದ್ದರೆ ನಾನು ಮೊದಲೇ ಹೋಗಿ ಮೆಟ್ಟಿಲು ನೋಡಿಕೊಂಡು ಬರುತ್ತಿದ್ದೆ. ಗುರುತು ಪರಿಚಯವಿಲ್ಲದ ಊರಿನಲ್ಲಿ ನನ್ನ ಕೈಯಲ್ಲಿದ್ದದ್ದು ನೀವು ಬರೆದ ಮೂರು ಸಾಲು ಮತ್ತು ಆ ಹಸಿರು ಗುರುತು. ಯಾರೂ ಹೋಗಿ ನೋಡದಿದ್ದರೆ ಆ ಗುರುತು ಹಾಕಿದ್ದು ಯಾತಕ್ಕೆ?

ನನ್ನ ಬೇಡಿಕೆ ಇಷ್ಟು. ಕೆರೆಯಂಚಿನ 1,200, ಸೇವಾ ಶುಲ್ಕ 540, ಅದರ ಮೇಲಿನ ಜಿಎಸ್‌ಟಿ 27, ಒಟ್ಟು 1,767 ರೂಪಾಯಿ ಹಿಂದಿರುಗಿಸಿ. ನನ್ನ ಸೂಚನೆ ರೆಸ್ಟೋರೆಂಟ್‌ಗೆ ಯಾಕೆ ತಲುಪಲಿಲ್ಲ ಎಂದು ಬರಹದಲ್ಲಿ ತಿಳಿಸಿ. ಎಲ್ಲಕ್ಕಿಂತ ಮೊದಲು, ಇವತ್ತೇ, ಆ ಪುಟದಿಂದ ಲಿಫ್ಟ್ ಎಂಬ ಸಾಲನ್ನು ತೆಗೆಯಿರಿ. ಈ ಪತ್ರ ಬರೆಯುವಾಗಲೂ ಅದು ಅಲ್ಲೇ ಇದೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನೀವು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವಾಸವಿರುವ ಊರಿನಲ್ಲೇ ದಾವೆ ಹೂಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಬುಕಿಂಗ್ ಸಂದೇಶ, ಬಿಲ್ ಮತ್ತು ಆ ಮೆಟ್ಟಿಲುಗಳ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ಟೇಬಲ್ ಕಾಯ್ದಿರಿಸಿದ ಮಗಳು